ಮುಟ್ಟಿ ನೋಡು, ಮೂಸಿ ನೋಡು

ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ‘ದಯವಿಟ್ಟು ಮುಟ್ಟಿ’ ಎಂದು ಬರೆದಿತ್ತು. ಗ್ಯಾಲರಿಗಳಲ್ಲೂ ಮ್ಯೂಸಿಯಮ್ಮುಗಳಲ್ಲೂ ‘ಮುಟ್ಟಬೇಡಿ’ ಎಂಬ ಫಲಕವನ್ನೇ ಓದಿಕೊಂಡು ಬಂದವಳಿಗೆ ಅದನ್ನು ಕಂಡು ಖುಷಿಯಾಯಿತು. ಒಳಗೆ ಹೋದ ಹತ್ತು ನಿಮಿಷಕ್ಕೆ ಆ ಖುಷಿ ಇಳಿದುಹೋಯಿತು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ಏಳು ಮಂದಿ ವಿದ್ಯಾರ್ಥಿಗಳು ಸೇರಿ ಒಂದು ಕಲಾ ಪ್ರಾಜೆಕ್ಟ್ ಮಾಡುತ್ತಿದ್ದರು. ತಾವೇ ಹಾಕಿಕೊಂಡ ಷರತ್ತು ಒಂದೇ: ಕಣ್ಣಿಗೆ ಕೆಲಸ ಇರಬಾರದು. ಅಲ್ಲಿ ಪಾಠ ಮಾಡುವ ಗೆಳತಿ, ‘ವಿಮರ್ಶೆ ಅಂತ ಪಿಎಚ್.ಡಿ. ಮಾಡ್ತಿದೀಯಲ್ಲ, ಬಂದು ಈ ಮಕ್ಕಳಿಗೆ ಏನಾದರೂ ಹೇಳು’ ಎಂದು ಕರೆದಿದ್ದಳು. ಹೋದೆ. ಬಾಗಿಲಲ್ಲೇ ಕಣ್ಣಿಗೆ ಕರಿಬಟ್ಟೆ ಕಟ್ಟಿದರು. ಒಳಗೆ ನಾಲ್ಕು ಮೇಜು, ನಾಲ್ಕು ಊರು. ಚಿಕ್ಕಬಳ್ಳಾಪುರದ ಮೇಜಿನ ಮೇಲೆ ದ್ರಾಕ್ಷಿ, ಶಿಡ್ಲಘಟ್ಟದ ಮೇಜಿನ ಮೇಲೆ ರೇಷ್ಮೆ ಗೂಡು. ಚಿಂತಾಮಣಿಯಲ್ಲಿ ಮಂಡಿಯ ಗದ್ದಲದ ಧ್ವನಿಮುದ್ರಣ, ಗೌರಿಬಿದನೂರಿನಲ್ಲಿ ‘ಸೂರ್ಯನ ಸದ್ದು’. ಪ್ರತಿ ಮೇಜಿನಲ್ಲೂ ‘ಇದೇನು?’ ಎಂದು ಕೇಳುವ ಒಬ್ಬ ಹುಡುಗ ಅಥವಾ ಹುಡುಗಿ. ಸರಿಯಾಗಿ ಹೇಳಿದರೆ ಒಂದು ಅಂಕ. ನನಗೆ ನಾಲ್ಕಕ್ಕೆ ಮೂರು ಬಂತು. ಬಟ್ಟೆ ಬಿಚ್ಚಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಇಂಥ ಪ್ರಾಜೆಕ್ಟುಗಳು ಈಗ ಅನೇಕ ಕಾಲೇಜುಗಳಲ್ಲಿ ನಡೆಯುತ್ತವೆ. ಆದ್ದರಿಂದಲೇ ಇದರ ಬಗ್ಗೆ ಬರೆಯಬೇಕೆನಿಸಿತು. ಕಣ್ಣಿಗೆ ಬಟ್ಟೆ ಕಟ್ಟಿದ ಮಾತ್ರಕ್ಕೆ ಉಳಿದ ಇಂದ್ರಿಯಗಳ ಕಲೆ ಹುಟ್ಟುವುದಿಲ್ಲ. ಬೆರಳಿಗೆ, ಮೂಗಿಗೆ, ಕಿವಿಗೆ ತಮ್ಮದೇ ತಿಳಿವಳಿಕೆ ಇದೆ. ಅದು ದುಡಿಮೆಯಿಂದ ಬಂದದ್ದು, ಸಮಯ ಕೇಳುವಂಥದ್ದು. ಆ ತಿಳಿವಳಿಕೆಯ ಹತ್ತಿರಕ್ಕೆ ನೋಡುಗರನ್ನು ಕರೆದೊಯ್ದರೆ ಪ್ರಾಜೆಕ್ಟು ಕಲೆಯಾಗುತ್ತದೆ, ಇಲ್ಲದಿದ್ದರೆ ವಾರ್ಷಿಕೋತ್ಸವದ ಆಟವಾಗುತ್ತದೆ. ಇದು ಮೊದಲ ದಿನವೇ ನನಗೆ ಹೊಳೆದದ್ದಲ್ಲ. ಹೊಳೆಯಿಸಿದವನು ಬೇರೊಬ್ಬ.

ಹಾಸ್ಟೆಲಿನ ದಿನಗಳಿಂದ ಪರಿಚಯವಿರುವ ಗೆಳೆಯನೊಬ್ಬ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಅವನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಎರಡನೆಯ ಸಲ ಹೋಗುವಾಗ ಅವನನ್ನೂ ಕರೆದುಕೊಂಡು ಹೋದೆ. ಬಾಗಿಲಲ್ಲಿ ಕರಿಬಟ್ಟೆ ಹಿಡಿದಿದ್ದ ಹುಡುಗ ಏನು ಮಾಡಬೇಕೆಂದು ತೋಚದೆ ನಿಂತ. ಗೆಳೆಯ ನಕ್ಕು, ಒಳಗೆ ನಡೆದು, ನಾಲ್ಕೂ ಮೇಜನ್ನು ಎರಡೇ ನಿಮಿಷದಲ್ಲಿ ಮುಗಿಸಿದ. ನಾಲ್ಕಕ್ಕೆ ನಾಲ್ಕು. ‘ರಸಪ್ರಶ್ನೆ ಚೆನ್ನಾಗಿದೆ. ಕಲೆ ಇರೋದು ಮುಂದಿನ ಕೋಣೆಯಲ್ಲಾ?’ ಎಂದ. ವ್ಯಂಗ್ಯವಾಗಿ ಕೇಳಿರಲಿಲ್ಲ. ನಿಜಕ್ಕೂ ಮುಂದೆ ಇನ್ನೊಂದು ಕೋಣೆ ಇದೆಯೆಂದೇ ಭಾವಿಸಿದ್ದ.

ಆ ಪ್ರಶ್ನೆಯ ಪೆಟ್ಟು ಎಲ್ಲಿ ಬಿತ್ತೆಂಬುದನ್ನು ವಿಮರ್ಶೆಯ ಭಾಷೆಯಲ್ಲಿ ಹೇಳಬಹುದು. ಒಂಬತ್ತನೆಯ ಶತಮಾನದ ಆನಂದವರ್ಧನ ವಾಚ್ಯಾರ್ಥ ಮುಗಿದಲ್ಲಿ ಧ್ವನಿಯನ್ನು ಹುಡುಕಿದ. ಶಬ್ದ ತನ್ನ ನೇರ ಅರ್ಥವನ್ನು ಕೊಟ್ಟ ಮೇಲೂ ಅನುರಣಿಸುತ್ತಿರುವುದು ಕಾವ್ಯ. ‘ಇದೇನು?’ ಎಂದು ಕೇಳಿ ‘ಗೂಡು’ ಎಂಬ ಉತ್ತರ ಪಡೆದು ಅಂಕ ಕೊಡುವ ಮೇಜು ವಾಚ್ಯಾರ್ಥದಲ್ಲೇ ನಿಂತುಬಿಡುತ್ತದೆ. ಹೆಸರು ಸಿಕ್ಕ ಕ್ಷಣ ಮನಸ್ಸಿನಲ್ಲಿ ವಸ್ತುವಿನ ಚಿತ್ರ ಮೂಡುತ್ತದೆ, ಬೆರಳು ಕೆಲಸ ನಿಲ್ಲಿಸುತ್ತದೆ. ಅಂದರೆ ಬಟ್ಟೆ ಕಟ್ಟಿದ್ದರೂ ಗೆದ್ದದ್ದು ಕಣ್ಣೇ.

ನಮ್ಮ ಭಾಷೆಯೇ ಇದಕ್ಕಿಂತ ಉದಾರವಾಗಿದೆ. ಮುಟ್ಟಿ ನೋಡು, ಮೂಸಿ ನೋಡು, ರುಚಿ ನೋಡು, ಕೇಳಿ ನೋಡು ಎನ್ನುತ್ತೇವೆ. ಇಲ್ಲಿ ‘ನೋಡು’ ಕಣ್ಣಿನ ಸ್ವತ್ತಲ್ಲ. ಪ್ರಯತ್ನಿಸು, ಸ್ವಲ್ಪ ಹೊತ್ತು ಅದರೊಡನೆ ಇದ್ದು ತಿಳಿದುಕೋ ಎಂಬ ಅರ್ಥ ಅದಕ್ಕೆ. ನಮ್ಮ ಕಾವ್ಯಮೀಮಾಂಸೆಯ ತಾಯಿಪದ ‘ರಸ’ವೂ ನಾಲಿಗೆಯಿಂದ ಬಂದದ್ದು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ವಿವರಿಸಲು ಭರತ ಎತ್ತಿಕೊಂಡದ್ದು ವ್ಯಂಜನಗಳ ಊಟದ ಹೋಲಿಕೆಯನ್ನು. ಆ ಊಟದಲ್ಲಿ ಯಾರೂ ‘ಇದು ಯಾವ ಪದಾರ್ಥ?’ ಎಂದು ಪರೀಕ್ಷೆ ನಡೆಸುವುದಿಲ್ಲ.

ಕಣ್ಣುಕಟ್ಟಿನಲ್ಲಿ ಇನ್ನೊಂದು ತೊಡಕಿದೆ. ಐದು ನಿಮಿಷದ ಕತ್ತಲೆಯಿಂದ ಹೊರಬಂದವರು ‘ಪಾಪ, ಅವರಿಗೆ ಎಷ್ಟು ಕಷ್ಟ’ ಎನ್ನುತ್ತಾರೆ. ಬಟ್ಟೆ ಕಟ್ಟಿಸಿಕೊಂಡವರ ಗೊಂದಲವೇ ಬೇರೆ, ದೃಷ್ಟಿಯಿಲ್ಲದವರ ದಿನಚರಿಯೇ ಬೇರೆ. ಅಂಧರು ಆನೆಯನ್ನು ಮುಟ್ಟಿದ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರಿಂದ ‘ಅಂಧಗಜನ್ಯಾಯ’ ಎಂಬ ನುಡಿಗಟ್ಟನ್ನೂ ಮಾಡಿಕೊಂಡಿದ್ದೇವೆ. ಸ್ಪರ್ಶ ಅರೆಸತ್ಯವನ್ನಷ್ಟೇ ಕೊಡುತ್ತದೆ ಎಂಬುದು ಅದರ ನೀತಿ. ಆದರೆ ಕತೆ ಕಟ್ಟಿದವನು ಕಣ್ಣಿದ್ದವನು. ಕತೆಯೊಳಗಿನವರ ತಪ್ಪು ಕೈಯದಲ್ಲ, ಅವಸರದ್ದು. ಒಬ್ಬೊಬ್ಬನೂ ಒಂದೊಂದು ಕಡೆ ಮುಟ್ಟಿ ತೀರ್ಪು ಕೊಟ್ಟ. ಆನೆಯ ಸುತ್ತ ಒಂದು ಸುತ್ತು ಬರುವ ವ್ಯವಧಾನ ಯಾರಿಗೂ ಇರಲಿಲ್ಲ.

ಜರ್ಮನಿಯಲ್ಲಿ 1988ರಲ್ಲಿ ಆಂಡ್ರಿಯಾಸ್ ಹೈನೆಕೆ ಆರಂಭಿಸಿದ ‘ಡೈಲಾಗ್ ಇನ್ ದಿ ಡಾರ್ಕ್’ ಪ್ರದರ್ಶನ ಹಲವು ದೇಶಗಳಿಗೆ ಹರಡಿ ಹೈದರಾಬಾದಿಗೂ ಬಂದಿತ್ತು. ಅಲ್ಲಿಯೂ ಕತ್ತಲೆಯೇ. ಆದರೆ ಆ ಕತ್ತಲೆಯಲ್ಲಿ ದಾರಿ ತೋರಿಸುವವರು ದೃಷ್ಟಿಯಿಲ್ಲದವರು. ಕಣ್ಣಿದ್ದವರು ಅವರ ಮಾತು ನಂಬಿ ಹೆಜ್ಜೆ ಇಡಬೇಕು. ಬಲ್ಲವರು ಯಾರು ಎಂಬುದು ಅಲ್ಲಿ ತಿರುಗುಮುರುಗಾಗುತ್ತದೆ. ನಮ್ಮ ವಿದ್ಯಾರ್ಥಿಗಳ ಕೋಣೆಯಲ್ಲಿ ಬಲ್ಲವರೆಲ್ಲ ಕಣ್ಣಿದ್ದವರೇ, ಉತ್ತರಪತ್ರಿಕೆಯೂ ಅವರದೇ.

ಕನ್ನಡನಾಡಿನಲ್ಲಿ ಅಂಧತ್ವ ಮತ್ತು ಕಲೆ ಎಂದರೆ ಮೊದಲು ನೆನಪಾಗುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು. ಆ ಪರಂಪರೆ ದೊಡ್ಡದು. ಆದರೆ ಅದರ ನೆರಳಿನಲ್ಲಿ ನಾವೊಂದು ಹಂಚಿಕೆ ಮಾಡಿಕೊಂಡುಬಿಟ್ಟಿದ್ದೇವೆ: ಕಣ್ಣಿಲ್ಲದವರಿಗೆ ಸಂಗೀತ, ಚಿತ್ರ ಮತ್ತು ಶಿಲ್ಪ ಉಳಿದವರಿಗೆ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಈ ಹಂಚಿಕೆಯನ್ನು ಒಪ್ಪಲಿಲ್ಲ. ಮೊದಲೇ ಮಂದವಾಗಿದ್ದ ಅವರ ದೃಷ್ಟಿ ಐವತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆಯೊಂದರ ನಂತರ ಪೂರ್ತಿ ಹೋಯಿತು. ಆಮೇಲೂ ಅವರು ಕಾಗದ ಕತ್ತರಿಸಿ ಅಂಟಿಸಿದರು, ಮೇಣದಲ್ಲಿ ಆಕೃತಿಗಳನ್ನು ಮಾಡಿದರು, ಕಲಾಭವನದ ಗೋಡೆಗೆ ಸೆರಾಮಿಕ್ ಬಿಲ್ಲೆಗಳ ಭಿತ್ತಿಚಿತ್ರ ರಚಿಸಿದರು. ಅವರ ಶಿಷ್ಯ ಸತ್ಯಜಿತ್ ರಾಯ್ 1972ರಲ್ಲಿ ಅವರ ಬಗ್ಗೆ ‘ದಿ ಇನ್ನರ್ ಐ’ ಸಾಕ್ಷ್ಯಚಿತ್ರ ಮಾಡಿದರು. ಆ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿದೆ. ನೋಡುತ್ತ ಕೂತಾಗ ಅವರ ಗಮನ ಹೋದದ್ದು ಕತ್ತರಿ ಹಿಡಿದ ಕೈಯ ನಿಧಾನದ ಮೇಲೆ. ಆ ಕೈ ಏನನ್ನೂ ಊಹಿಸುತ್ತಿರಲಿಲ್ಲ, ಮಾಡುತ್ತಿತ್ತು. ಮರುದಿನ ಕರಿಬಟ್ಟೆಯನ್ನೂ ಅಂಕದ ಹಾಳೆಯನ್ನೂ ಅವರೇ ತೆಗೆದುಹಾಕಿದರು.

ಈಗ ನಾಲ್ಕು ಮೇಜುಗಳ ಮಾತು. ಎರಡನೆಯ ರೂಪದಲ್ಲಿ ಪ್ರಾಜೆಕ್ಟು ಹೇಗಾಯಿತೆಂಬುದನ್ನು ಒಂದೊಂದಾಗಿ ಅಳೆಯುತ್ತೇನೆ.

ಗೌರಿಬಿದನೂರು ಆರಿಸಿಕೊಂಡವರ ಕೈಯಲ್ಲಿ ಅಪರೂಪದ ಸಾಮಗ್ರಿಯಿತ್ತು. ಆ ತಾಲ್ಲೂಕಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವು ಅರವತ್ತರ ದಶಕದಲ್ಲಿ ನಿರ್ಮಿಸಿದ ಭೂಕಂಪನ ಮಾಪಕಗಳ ಸಾಲಿದೆ. ದೂರದ ಭೂಕಂಪಗಳನ್ನೂ ನೆಲದಡಿಯ ಅಣುಸ್ಫೋಟಗಳನ್ನೂ ಅದು ಹಿಡಿಯುತ್ತದೆ. 1976ರಿಂದ ರೇಡಿಯೊ ದೂರದರ್ಶಕವೂ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು, ಸಾವಿರ ಡೈಪೋಲ್ ಆಂಟೆನಾಗಳು, 34.5 ಮೆಗಾಹರ್ಟ್ಸ್. ಕಣ್ಣಿಗೆ ಕಾಣದ ಆಕಾಶವನ್ನೂ ಕಾಲಿಗೆ ತಿಳಿಯದ ನೆಲವನ್ನೂ ಒಂದೇ ತಾಲ್ಲೂಕು ಆಲಿಸುತ್ತಿದೆ! ಹುಡುಗರು ಮೊದಲು ಇಟ್ಟಿದ್ದ ‘ಸೂರ್ಯನ ಸದ್ದು’ ಮಾತ್ರ ಮೋಸ. ರೇಡಿಯೊ ಅಲೆ ಸದ್ದಲ್ಲ, ಬೆಳಕಿನ ಜಾತಿಯದೇ. ಅದನ್ನು ಸದ್ದಾಗಿಸುವುದು ನಮ್ಮ ಅನುವಾದ. ಅನುವಾದ ತಪ್ಪಲ್ಲ, ಮೂಲವೆಂದು ಮಾರುವುದು ತಪ್ಪು.

ಅವರು ಸೂರ್ಯನನ್ನು ಬಿಟ್ಟು ನೆಲಕ್ಕೆ ಬಂದರು. ಒಂದು ಮರದ ಹಲಗೆ, ಅದರಡಿ ದೊಡ್ಡ ಸ್ಪೀಕರ್. ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಲ್ಲಬೇಕು. ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವ ಒಂದು ಭೂಕಂಪದ ದಾಖಲೆಯನ್ನು ವೇಗ ಹೆಚ್ಚಿಸಿ, ಪಾದಕ್ಕೆ ತಿಳಿಯುವಂತೆ ಮಾಡಿದ್ದರು. ಮೊದಲು ಪಿ ಅಲೆಯ ಸಣ್ಣ ಅದುರು. ಆಮೇಲೆ ಏನೂ ಇಲ್ಲ. ಮುಗಿಯಿತೇನೋ ಎಂದು ಇಳಿಯಲು ಹೊರಟಾಗ ಎಸ್ ಅಲೆಯ ದೊಡ್ಡ ಹೊಡೆತ. ಆ ನಡುವಿನ ಬಿಡುವು ಉದ್ದವಾದಷ್ಟೂ ಭೂಕಂಪ ದೂರದ್ದು. ಅಂದರೆ ನಿಂತವರು ದೂರವನ್ನು ಪಾದದಲ್ಲಿ, ಕಾಯುವುದರ ಮೂಲಕ ಅಳೆಯುತ್ತಾರೆ. ದಾಖಲೆ ಗೌರಿಬಿದನೂರಿನದಲ್ಲವೆಂದೂ ವೇಗ ಬದಲಿಸಿದ್ದೇವೆಂದೂ ಹಲಗೆಯ ಪಕ್ಕದಲ್ಲಿ ಅಕ್ಷರದಲ್ಲೂ ಬ್ರೈಲ್‌ನಲ್ಲೂ ಬರೆದಿದ್ದರು. ಈ ಪ್ರಾಮಾಣಿಕತೆಯಿಂದ ಕೃತಿಯ ಬೆರಗು ಕಡಿಮೆಯಾಗಲಿಲ್ಲ.

ಚಿಂತಾಮಣಿಯ ಮೇಜು ಕಿವಿಯದು. ಮಂಡಿಯ ಕೂಗು, ಬಸ್ ನಿಲ್ದಾಣದ ಕರೆ, ಕೈವಾರದ ಭಜನೆ, ಮುರುಗಮಲ್ಲದ ದರ್ಗಾದ ಹತ್ತಿರದ ಮಾತುಕತೆ. ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಆ ಊರಿನ ಕಿವಿಗೆ ಭಾಷೆಗಳ ನಡುವೆ ಬೇಲಿಯಿಲ್ಲ. ಒಬ್ಬ ವ್ಯಾಪಾರಿ ತೆಲುಗಿನಲ್ಲಿ ಬೆಲೆ ಕೇಳಿ, ಕನ್ನಡದಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ ಬೈದು ಹೋಗುತ್ತಾನೆ. ಇದನ್ನು ಕಣ್ಣು ಹಿಡಿಯಲಾರದು, ಫೋಟೊದಲ್ಲಿ ಇದು ಬರಿಯ ಜನಜಂಗುಳಿ. ಸಾಮಗ್ರಿ ಇಷ್ಟು ಚೆನ್ನಾಗಿದ್ದೂ ಮೇಜು ಸೋತಿತು. ಹತ್ತು ತುಣುಕುಗಳನ್ನು ಅರ್ಧರ್ಧ ನಿಮಿಷಕ್ಕೆ ಕತ್ತರಿಸಿ, ಹಿಂದೆ ಸಿನಿಮಾ ಸಂಗೀತ ತುಂಬಿದ್ದರು. ಒಬ್ಬನೇ ವ್ಯಾಪಾರಿಯ ಹತ್ತು ನಿಮಿಷವನ್ನು ಕತ್ತರಿ ಹಾಕದೆ ಇಟ್ಟಿದ್ದರೆ ಸಾಕಿತ್ತು. ರೀಲ್ಸ್ ನೋಡುವ ಅಭ್ಯಾಸ ಕಿವಿಗೂ ಅಂಟಿದೆ.

ಚಿಕ್ಕಬಳ್ಳಾಪುರದ ದ್ರಾಕ್ಷಿಯದು ಬೇರೆ ಸಮಸ್ಯೆ. ನಮ್ಮ ಕಡೆ ಬೆಳೆಯುವ ಬೆಂಗಳೂರು ಬ್ಲೂ ತಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದರ ಘಾಟು ಪರಿಮಳ, ದಪ್ಪ ಸಿಪ್ಪೆ, ಒತ್ತಿದರೆ ಜಾರಿ ಬಾಯಿಗೆ ಬರುವ ತಿರುಳು ಬೇರೆ ದ್ರಾಕ್ಷಿಗಿಲ್ಲ. ವಿದ್ಯಾರ್ಥಿಗಳು ಹಣ್ಣನ್ನು ಬಟ್ಟಲಲ್ಲಿಟ್ಟು ಕೈಬಿಟ್ಟರು. ತಿಂದವರು ‘ಚೆನ್ನಾಗಿದೆ’ ಎಂದು ಮುಂದೆ ಹೋದರು. ಚೆನ್ನಾಗಿರುವುದನ್ನು ಬಡಿಸುವುದು ಆತಿಥ್ಯ, ಕಲೆಗೆ ಅಷ್ಟು ಸಾಲದು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದ ನೆಲದಲ್ಲಿ ಈ ರಸ ಎಲ್ಲಿಂದ ಬಂತೆಂದು ಆ ಬಟ್ಟಲು ಒಮ್ಮೆಯೂ ಕೇಳಲಿಲ್ಲ.

ಶಿಡ್ಲಘಟ್ಟಕ್ಕೆ ಬರುತ್ತೇನೆ. ಈ ಬರಹಕ್ಕೆ ನಿಜವಾದ ಕಾರಣ ಆ ಮೇಜು.

ರೇಷ್ಮೆ ಎಂದರೆ ನಮಗೆ ಬಣ್ಣ, ಹೊಳಪು, ಜರಿ. ಆದರೆ ಸೀರೆಯಾಗುವ ತನಕ ಅದು ಬಹುಪಾಲು ಕಣ್ಣಿಗಿಂತ ಬೇರೆ ಇಂದ್ರಿಯಗಳ ವ್ಯವಹಾರ. ನಾಲ್ಕನೆಯ ಜ್ವರ ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮನೆಯೊಳಗೆ ಸೋನೆಮಳೆ ಹಿಡಿದಂತೆ ಸದ್ದು. ಮಾರುಕಟ್ಟೆಯಲ್ಲಿ ಅನುಭವಿ ರೀಲರ್ ಗೂಡನ್ನು ಬೆರಳಲ್ಲಿ ಒತ್ತಿ ಬಿಗಿ ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳು ಸರಿಯಾಗಿದೆಯೇ ಎಂದು ಕೇಳುತ್ತಾನೆ. ಫಿಲೇಚರ್‌ನಲ್ಲಿ ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಸೆರಿಸಿನ್ ಎಂಬ ಅಂಟನ್ನು ಮೆದುಗೊಳಿಸುತ್ತಾರೆ. ಆಮೇಲೆ ಎಳೆಯ ತುದಿ ಹುಡುಕಬೇಕು. ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು. ಒಂದು ಎಳೆ ಮುಗಿದರೆ ಅಥವಾ ಹರಿದರೆ ರಾಟೆ ನಿಲ್ಲಿಸದೆ ಇನ್ನೊಂದನ್ನು ಕೂಡಿಸಬೇಕು. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸಾವಿರ ಮೀಟರಿನಷ್ಟು ಎಳೆ ಇರುತ್ತದೆ. ಕಣ್ಣು ಆ ಎಳೆಯನ್ನು ಕಾಣುವುದಕ್ಕಿಂತ ಮೊದಲು ಬೆರಳು ಅದನ್ನು ಅರಿಯುತ್ತದೆ.

ವಿದ್ಯಾರ್ಥಿಗಳು ಮೇಜಿನ ಮೇಲೆ ಉಗುರುಬೆಚ್ಚಗಿನ ನೀರಿನ ಬೋಗುಣಿ ಇಟ್ಟು, ಬೇಯಿಸಿದ ಗೂಡುಗಳನ್ನು ಬಿಟ್ಟರು. ಪ್ರಶ್ನೆ ಇಲ್ಲ, ಅಂಕ ಇಲ್ಲ. ‘ತುದಿ ಹುಡುಕಿ, ಸಮಯ ತೆಗೆದುಕೊಳ್ಳಿ’ ಎಂಬ ಒಂದೇ ಸಾಲು. ನಾನು ಕಾಲು ಗಂಟೆ ಕೂತೆ. ಸಿಕ್ಕಿದ್ದು ಎರಡು ಸಲ, ಹರಿದದ್ದು ಎರಡು ಸಲ. ಗೆಳೆಯನೂ ಕೂತ. ಅವನಿಗೂ ಸುಲಭವಾಗಲಿಲ್ಲ. ಕಣ್ಣಿಲ್ಲದ ಮಾತ್ರಕ್ಕೆ ಬೆರಳು ಚುರುಕಾಗಿರುತ್ತದೆಂಬ ನಮ್ಮ ಇನ್ನೊಂದು ಮೂಢನಂಬಿಕೆಯೂ ಅಲ್ಲಿ ಬಿತ್ತು. ಆ ಮೇಜಿನಲ್ಲಿ ಕಣ್ಣಿದ್ದವರು, ಇಲ್ಲದವರು ಇಬ್ಬರೂ ಒಂದೇ ತರಗತಿಯ ದಡ್ಡ ವಿದ್ಯಾರ್ಥಿಗಳು. ಬಲ್ಲವಳು ಒಬ್ಬಳೇ, ಬೋಗುಣಿಯ ಆಚೆ ಕೂತಿದ್ದ ಹುಡುಗಿ. ಅವಳದು ರೀಲಿಂಗ್ ಮನೆ.

ಇದೇ ಹುಡುಗಿ ಎರಡು ವಾರದ ಹಿಂದೆ ನನ್ನೊಡನೆ ಜಗಳವಾಡಿದ್ದಳು. ಗೂಡು ಬೇಯಿಸಿದರೆ ಸತ್ತ ಹುಳುವಿನ ವಾಸನೆ ಬರುತ್ತದೆ. ಗಾಢವಾದ, ಬಟ್ಟೆಗೆ ಅಂಟಿಕೊಳ್ಳುವ ವಾಸನೆ. ಅದನ್ನೂ ಪ್ರದರ್ಶನದಲ್ಲಿ ಇಡೋಣ ಎಂದಿದ್ದೆ. ನನಗೆ ಅದು ‘ಅಪ್ಪಟ ಅನುಭವ’. ಅವಳು, ‘ಅಕ್ಕಾ, ಅದೊಂದು ಬೇಡ. ಹೈಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ. ಮತ್ತೆ ಅದನ್ನೇ ಇಲ್ಲಿಗೆ ತರಬೇಕಾ?’ ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಕಲೆಯಲ್ಲಿ ಕಣ್ಣು ಮತ್ತು ಕಿವಿ ಮೇಲಿನವು, ಮೂಗು ಮತ್ತು ಚರ್ಮ ಕೆಳಗಿನವು ಎಂಬ ಶ್ರೇಣಿಯನ್ನು ಪಾಶ್ಚಾತ್ಯ ಸೌಂದರ್ಯಮೀಮಾಂಸೆಯ ತರಗತಿಯಲ್ಲಿ ಓದಿ ಖಂಡಿಸಿದ್ದೆ. ಈ ಶ್ರೇಣಿ ಪುಸ್ತಕದಲ್ಲಷ್ಟೇ ಇಲ್ಲ, ಹೈಸ್ಕೂಲಿನ ಬೆಂಚಿನಲ್ಲೂ ಇದೆ ಎಂಬುದು ಆಗ ತಿಳಿಯಿತು. ಮುಟ್ಟುವುದು, ಮೂಸುವುದು ಎಂದರೆ ನಮ್ಮ ಸಮಾಜದಲ್ಲಿ ಯಾರನ್ನು ಮುಟ್ಟಬಹುದು, ಯಾರ ವಾಸನೆ ಸಹಿಸಬಹುದು ಎಂಬ ಪ್ರಶ್ನೆಯೂ ಹೌದು. ‘ದಯವಿಟ್ಟು ಮುಟ್ಟಿ’ ಎಂದು ಬಾಗಿಲಿಗೆ ಅಂಟಿಸಿದ ಹಾಳೆಗೆ ಈ ಚರಿತ್ರೆ ಗೊತ್ತಿರಲಿಲ್ಲ. ರೇಷ್ಮೆಯ ಬೆರಳಿಗೆ ಅದಕ್ಕಿಂತ ಕಠೋರವಾದ ಚರಿತ್ರೆಯೂ ಇದೆ. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಪ್ರಕಟಿಸಿದ ವರದಿ, ಕರ್ನಾಟಕದ ನೂಲು ಬಿಚ್ಚುವ ಘಟಕಗಳಲ್ಲಿ ಕುದಿನೀರಿಗೆ ಕೈಯಿಳಿಸುತ್ತಿದ್ದ ಮಕ್ಕಳ ಬೊಬ್ಬೆಯೆದ್ದ ಅಂಗೈಗಳನ್ನು ದಾಖಲಿಸಿದೆ. ನಮ್ಮ ಬೋಗುಣಿಯ ನೀರು ಉಗುರುಬೆಚ್ಚಗಿತ್ತು. ಆ ವ್ಯತ್ಯಾಸವನ್ನು ಮರೆತರೆ ‘ಸ್ಪರ್ಶದ ಕಲೆ’ ಎಂಬುದು ಸುಖಿಗಳ ಹವ್ಯಾಸವಾಗುತ್ತದೆ.

ಕೊನೆಗೆ ನಿರ್ಧಾರ ಮಾಡಿದವಳು ಆ ಹುಡುಗಿಯೇ. ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿಯಲ್ಲಿ ಆ ದಿನವೇ ಬೇಯಿಸಿದ ಹುಳುಗಳನ್ನು ಹಾಕಿ ತಂದಳು. ಡಬ್ಬಿಯನ್ನು ಬೋಗುಣಿಯ ಪಕ್ಕದಲ್ಲಿ ತನ್ನ ಕೈಗೆ ಎಟುಕುವಂತೆ ಇಟ್ಟುಕೊಂಡಳು. ಎಲ್ಲರಿಗೂ ತೆರೆಯಲಿಲ್ಲ. ಯಾರಾದರೂ ಕಾಲು ಗಂಟೆ ಕೂತು ಒಂದಾದರೂ ತುದಿ ಹಿಡಿದರೆ, ‘ನಮ್ಮ ಮನೆ ಹೀಗಿರುತ್ತೆ’ ಎಂದು ಮುಚ್ಚಳ ತೆಗೆಯುತ್ತಿದ್ದಳು. ಹಾದುಹೋಗುವವರಿಗೆ ಆ ವಾಸನೆ ಸಿಗಲಿಲ್ಲ. ಕೂತವರಲ್ಲೂ ಕೆಲವರು ಕರ್ಚೀಫು ಹುಡುಕಿದರು. ಅವಳು ಮುಖ ತಿರುಗಿಸದೆ ಅವರನ್ನೇ ನೋಡುತ್ತಿದ್ದಳು.

ಆ ಪ್ರದರ್ಶನದಲ್ಲಿ ಕಲೆಯೆಂದು ನಾನು ನಿಸ್ಸಂಕೋಚವಾಗಿ ಕರೆಯುವುದು ಈ ಮುಚ್ಚಳವನ್ನು. ಭೂಕಂಪದ ಹಲಗೆ ಚಮತ್ಕಾರ ಮತ್ತು ಸತ್ಯ ಎರಡನ್ನೂ ಕೊಟ್ಟಿತು, ಅದಕ್ಕೆ ಎರಡನೆಯ ಸ್ಥಾನ. ಆದರೆ ಮುಚ್ಚಳದಲ್ಲಿ ಯಾವಾಗ, ಯಾರಿಗೆ, ಎಷ್ಟು ಎಂಬ ಆಯ್ಕೆ ಇತ್ತು. ಆ ಆಯ್ಕೆ ವಾಸನೆಯ ಒಡತಿಯದಾಗಿತ್ತು. ನಾನು ಹೇಳಿದಂತೆ ಕೋಣೆಯ ತುಂಬ ವಾಸನೆ ಹರಡಿದ್ದರೆ ಅವಳ ಮನೆ ಮತ್ತೊಮ್ಮೆ ನೋಟಕ್ಕೆ, ಮೂಗು ಮುಚ್ಚುವಿಕೆಗೆ ಸಿಗುವ ವಸ್ತುವಾಗುತ್ತಿತ್ತು. ಮಾರ್ಗದರ್ಶಕಿಯಾಗಿ ಹೋದವಳು ತಪ್ಪಿದ್ದೆ, ವಿದ್ಯಾರ್ಥಿನಿ ತಿದ್ದಿದಳು. ಇದನ್ನು ಬರೆದಿಡುವುದು ವಿಮರ್ಶೆಯ ಭಾಗವೆಂದೇ ತಿಳಿಯುತ್ತೇನೆ.

ಒಂದು ದೊಡ್ಡ ಕೊರತೆ ಮಾತ್ರ ಉಳಿಯಿತು. ಎರಡು ದಿನದ ಪ್ರದರ್ಶನಕ್ಕೆ ಅಧ್ಯಾಪಕರು ಬಂದರು, ಅಕ್ಕಪಕ್ಕದ ಕಾಲೇಜಿನವರು ಬಂದರು. ಗೂಡು ಬೇಯಿಸಿಕೊಟ್ಟ ಆ ಹುಡುಗಿಯ ತಾಯಿಯನ್ನು ನಾವು ಯಾರೂ ಕರೆದಿರಲಿಲ್ಲ. ಅವರಿಗೆ ರಜೆ ಸಿಗುವ ದಿನ ಯಾವುದೆಂದು ಕೇಳಿಯೂ ಇರಲಿಲ್ಲ. ಎಲ್ಲ ಮುಗಿದು ಬೋಗುಣಿಯ ನೀರು ಚೆಲ್ಲುವಾಗ ಗೆಳೆಯ ಕೇಳಿದ, ‘ಅವರು ಬಂದಿದ್ದರೆ ಎಷ್ಟು ಹೊತ್ತಿಗೆ ತುದಿ ಹಿಡೀತಿದ್ದರು?’

ಹುಡುಗಿ ಡಬ್ಬಿ ತೊಳೆಯುತ್ತಲೇ ಹೇಳಿದಳು: ‘ಅಮ್ಮ ತುದಿ ಹುಡುಕಲ್ಲ ಅಣ್ಣಾ. ಕೈ ಹಾಕಿದರೆ ಸಿಗುತ್ತೆ.’